ದಿನನಿತ್ಯದ ದಯೆಯಿಂದ ಸಮಾಜ ಬದಲಾದೀತೇ?

ಪರ

ತುಮಕೂರಿನವರು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಊರಿಗೆ ಹತ್ತಿರದ ಸಿದ್ಧಗಂಗೆಯಲ್ಲಿ ಸುಮಾರು 10,000 ಮಕ್ಕಳು ಜಾತಿ, ಮತ ಕೇಳಿಸಿಕೊಳ್ಳದೆ ಉಂಡು ಓದುತ್ತಾರೆ. 1941ರಲ್ಲಿ ಮಠದ ಹೊಣೆ ಹೊತ್ತು, 2019ರ ಜನವರಿಯಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಶಿವಕುಮಾರ ಸ್ವಾಮೀಜಿ ನಡೆಸಿದ ದಾಸೋಹವನ್ನು ನಾಡೇ ಬಲ್ಲದು. ಆದರೆ ಆ ಒಲೆಯ ಮೇಲೆ ಬೆಂದ ರಾಗಿ, ಅಕ್ಕಿ, ಬೇಳೆ ಯಾರ ಕಣಜದಿಂದ ಬಂದವು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಸ್ವಾಮೀಜಿ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿದ ಕಾಲದಲ್ಲಿ, ತನ್ನ ಮನೆಗೇ ಸಾಲದ ರಾಗಿಯಲ್ಲಿ ಒಂದು ಸೇರು ಅಳೆದುಕೊಟ್ಟ ರೈತನಿಗೆ ಸಮಾಜವನ್ನು ಬದಲಿಸುತ್ತಿದ್ದೇನೆ ಎಂಬ ಭ್ರಮೆ ಇರಲಿಲ್ಲ. ಯಾರದೋ ಮಗು ಹಸಿದಿರಬಾರದು ಎಂದಷ್ಟೇ ಆತ ಕೊಟ್ಟ. ಹಾಗೆ ಕೊಟ್ಟವರು ಸಾವಿರಾರು ಮಂದಿಯಾದಾಗ, ಓದಿನ ಹಾದಿಯೇ ಕಾಣದಿದ್ದ ಮನೆಗಳಿಂದ ಮೇಷ್ಟ್ರುಗಳೂ ಗುಮಾಸ್ತರೂ ಎಂಜಿನಿಯರುಗಳೂ ಹೊರಬಂದರು. ಅವರ ಮಕ್ಕಳು ಅದೇ ಮಠಕ್ಕೆ ಇಂದು ಮೂಟೆ ಕಳಿಸುತ್ತಾರೆ.

ರಾಜ್ಯ ಸರ್ಕಾರ 2002ರಲ್ಲಿ ಶಾಲೆಗಳಲ್ಲಿ ಬಿಸಿಯೂಟ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಸರ್ಕಾರಿ ಕಡತಕ್ಕೆ ಈ ಮಾತು ಸುಮ್ಮನೆ ಬಂದದ್ದಲ್ಲ. ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ ಎಂಬುದನ್ನು ಜನ ತಮ್ಮ ಖರ್ಚಿನಲ್ಲಿ ದಶಕಗಳ ಕಾಲ ಮಾಡಿ ತೋರಿಸಿದ್ದರಿಂದಲೇ ಆ ಯೋಜನೆಗೆ ಈ ನೆಲದಲ್ಲಿ ಬೇರು ಸಿಕ್ಕಿತು.

ಗೌರಿಬಿದನೂರು ಬಳಿಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದುಹೋದ ಹುಡುಗ. ಬಡ ವಿದ್ಯಾರ್ಥಿಗಳಿಗೆಂದು ಯಾರೋ ಕಟ್ಟಿದ್ದ ನಿಲಯದ ಅನ್ನ ಉಂಡು ಓದಿದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಗಳಂಥ ಬರದ ತಾಲ್ಲೂಕುಗಳಲ್ಲಿ ಕಾಲೇಜು ನಿಲ್ಲಿಸಿದರು. ಅಂದು ಆ ಹುಡುಗನಿಗೆ ತಟ್ಟೆ ಹಾಕಿದವರ ಹೆಸರು ಇಂದು ಯಾರಿಗೂ ಬೇಕಿಲ್ಲ, ಅದು ಬೇರೆ ಮಾತು. ದಯೆಯನ್ನು ಅದು ನಡೆದ ದಿನವೇ ಅಳೆದರೆ ಒಂದು ಹೊತ್ತಿನ ಊಟವಷ್ಟೇ ಕಾಣುತ್ತದೆ. ಮೂವತ್ತು ವರ್ಷ ಬಿಟ್ಟು ಅಳೆದರೆ ಲೆಕ್ಕ ಬೇರೆಯಾಗುತ್ತದೆ.

ವಿರೋಧ

ನಾನು ಕೋಲಾರದ ಕಡೆಯವನು. ನಮ್ಮಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಅದಕ್ಕೇ ಇರಬೇಕು, ದಯೆ ಎಂದ ಕೂಡಲೇ ನನಗೆ ಬೇಸಿಗೆಯ ಅರವಟ್ಟಿಗೆ ನೆನಪಾಗುತ್ತದೆ. ಹಿಂದೆ ಅರವಟ್ಟಿಗೆಯಲ್ಲಿ ನೀರು ಕೊಡುತ್ತಿದ್ದವರು ಕೆಲವರಿಗೆ ಲೋಟ ಕೊಡುತ್ತಿದ್ದರು, ಕೆಲವರ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಬಾಯಾರಿಕೆ ಇಬ್ಬರದೂ ತಣಿಯುತ್ತಿತ್ತು, ಕೊಟ್ಟವರ ಮನಸ್ಸಿನಲ್ಲಿ ಕರುಣೆಯೂ ಇತ್ತು. ಆದರೆ ಲೋಟಕ್ಕೂ ಬೊಗಸೆಗೂ ನಡುವಿನ ದೂರ ಇದ್ದಷ್ಟೇ ಉಳಿಯಿತು. ಇರುವ ಮೆಟ್ಟಿಲುಗಳನ್ನು ಅಲುಗಿಸದೆ ಅವುಗಳ ಮೇಲೆಯೇ ಇಳಿದು ಬರುವುದು ದಯೆಯ ಸ್ವಭಾವ ಎಂಬುದು ನನ್ನ ತಕರಾರು.

ಬಿಸಿಯೂಟದ ಮಾತು ಬಂದಿತು. ಅದರ ಹೆಸರು ಮಠದ್ದಿರಬಹುದು. ಆದರೆ ಬೇಯಿಸಿದ ಊಟವನ್ನು ಶಾಲೆಯಲ್ಲಿ ಕೊಡಲೇಬೇಕೆಂದು ರಾಜ್ಯಗಳ ಮೇಲೆ ಹೊಣೆ ಹೊರಿಸಿದ್ದು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ನೀಡಿದ ಆದೇಶ. ಆ ಊಟ ಬಂದ ಮೇಲೂ, ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಡುಗೆ ಮಾಡುವವರು ದಲಿತ ಮಹಿಳೆ ಎಂಬ ಕಾರಣಕ್ಕೆ ಮಕ್ಕಳು ತಟ್ಟೆ ಮುಟ್ಟಲಿಲ್ಲ, ಪೋಷಕರು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡು ಹೋದರು. ಆ ಪೋಷಕರು ನೆರೆಮನೆಗೆ ಮಜ್ಜಿಗೆ ಕೊಡದವರೇನಲ್ಲ.

ಇನ್ನೂ ಕಹಿಯಾದದ್ದನ್ನು ಹೇಳಲೇಬೇಕಾಗಿದೆ. ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿರುವ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ಊರಿನಲ್ಲೂ ದಿನನಿತ್ಯದ ಕೊಡುಕೊಳ್ಳುವಿಕೆ, ಕಷ್ಟಕ್ಕೆ ಕೈಸಾಲ, ಮದುವೆಗೆ ಮುಯ್ಯಿ ಇದ್ದಿರಲೇಬೇಕು ಎಂದುಕೊಳ್ಳುತ್ತೇನೆ, ಏಕೆಂದರೆ ಅವಿಲ್ಲದ ಹಳ್ಳಿಯನ್ನು ನಾನು ಕಂಡಿಲ್ಲ. ನ್ಯಾಯಾಲಯದ ಕಟಕಟೆಯವರೆಗೆ ಅವು ಯಾವುವೂ ನಡೆದು ಬರಲಿಲ್ಲ.

ನೀರಿನ ಕಥೆಯೂ ಇದಕ್ಕೆ ಹೊಂದುತ್ತದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿ, ಬಂದ ನೀರಿನಲ್ಲಿ ಫ್ಲೋರೈಡ್ ತುಂಬಿದ್ದ ವರ್ಷಗಳಲ್ಲಿ ಅರವಟ್ಟಿಗೆಗಳಿಗೇನೂ ಕೊರತೆ ಇರಲಿಲ್ಲ. ಆದರೆ 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆಯ) ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದದ್ದರ ಹಿಂದೆ ದೀರ್ಘಕಾಲದ ಧರಣಿಗಳಿದ್ದವು; 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೊರಟ ರೈತರ ಸಿಟ್ಟಿತ್ತು. ಬಂದದ್ದು ಎರಡೇ ಹಂತದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಎಂಬ ಸಂಕಟ ಬೇರೆ. ಮೂರನೆಯ ಹಂತದ ಶುದ್ಧೀಕರಣವನ್ನೂ ಜನ ಜಗಳವಾಡಿಯೇ ಕೇಳಬೇಕಾಗಿದೆ.

ಸಿದ್ಧಗಂಗೆಯ ಸೇರು ರಾಗಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದು ಬದಲಾವಣೆಯಾದದ್ದು ಒಂದೇ ಪಂಕ್ತಿ ಎಂಬ ಕಟ್ಟುಪಾಡನ್ನು ಒಬ್ಬರು ಹಠ ಹಿಡಿದು ಪಾಲಿಸಿದ್ದರಿಂದ. ರಾಗಿಯ ಜೊತೆಗೆ ಆ ಹಠವೂ ಬೇಕಾಯಿತು. ಈ ಬೇಸಿಗೆಯಲ್ಲೂ ನಮ್ಮೂರಿನ ಬಸ್ ನಿಲ್ದಾಣದ ಬಳಿ ಅರವಟ್ಟಿಗೆ ಎದ್ದಿದೆ, ನಾನೂ ಐನೂರು ರೂಪಾಯಿ ಕೊಟ್ಟಿದ್ದೇನೆ. ಅದರ ಎದುರಿಗೇ ಇರುವ ಶುದ್ಧ ಕುಡಿಯುವ ನೀರಿನ ಘಟಕ ತಿಂಗಳುಗಟ್ಟಲೆ ಏಕೆ ಕೆಟ್ಟು ನಿಂತಿದೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿದವರು ಇಬ್ಬರೇ. ಆ ಇಬ್ಬರಲ್ಲಿ ನಾನಿರಲಿಲ್ಲ.