ನನ್ನ ವಾದ್ಯ ತ್ರೀ ಪಿನ್

ನನಗೆ ಗಿಟಾರ್ ಬರುವುದಿಲ್ಲ. ಹಾರ್ಮೋನಿಯಂ ಬರುವುದಿಲ್ಲ. ಪ್ರೈಮರಿ ಶಾಲೆಯಲ್ಲಿ ನಾಡಗೀತೆಗೆ ನಿಲ್ಲಿಸುವಾಗ ಮೇಷ್ಟ್ರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, "ನೀನು ಬಾಯಿ ಮಾತ್ರ ಆಡ್ಸು, ಸೌಂಡ್ ಬೇಡ" ಅಂದಿದ್ದರು. ಅಂಥ ನಾನು ಕೆಲವು ವರ್ಷಗಳ ಹಿಂದೆ, ಇದೇ ದಾವಣಗೆರೆಯಲ್ಲಿ, ಒಂದು ಶನಿವಾರ ರಾತ್ರಿ ಎರಡು ಗಂಟೆ ಕಾಲ ರಾಕ್ ಬ್ಯಾಂಡಿನಲ್ಲಿದ್ದೆ. ನನ್ನ ಪಾಲಿಗೆ ಬಂದ ವಾದ್ಯ ತ್ರೀ ಪಿನ್ ಪ್ಲಗ್ಗು.

ಮನೆಯಲ್ಲಿ ಹೇಳುವಾಗಲೇ ಎಡವಟ್ಟಾಗಿತ್ತು. "ಇವತ್ತು ಒಂದು ಬ್ಯಾಂಡ್ ಇದೆ, ಹೋಗ್ಬರ್ತೀನಿ" ಅಂದೆ.

"ಯಾರ ಮದುವೆ ರೀ?" ಅಂದಳು ಹೆಂಡತಿ.

ಅವಳದ್ದೂ ತಪ್ಪಲ್ಲ. ನಮ್ಮೂರಲ್ಲಿ ಬ್ಯಾಂಡ್ ಅಂದರೆ ಕೆಂಪು ಕೋಟು ಹಾಕಿಕೊಂಡು ಕುದುರೆಯ ಮುಂದೆ ಊದುತ್ತಾ ಹೋಗುವ ಬ್ಯಾಂಡ್ ಸೆಟ್ಟು. ಇದು ಹಾಗಲ್ಲ, ಇಂಗ್ಲಿಷ್ ಹಾಡು, ಗಿಟಾರು, ಡ್ರಮ್ಮು, ಹಾಡೋರೆಲ್ಲ ಅರವತ್ತು ದಾಟಿದವರು ಅಂತ ಬಿಡಿಸಿ ಹೇಳಿದೆ. ಎಲ್ಲಿ ಅಂತ ಮಾತ್ರ ಹೇಳಲಿಲ್ಲ. ಅರವತ್ತು ದಾಟಿದವರು ಅಂದಿದ್ದಕ್ಕೆ ಅವಳು ಅದನ್ನು ದಾಸರ ಪದಗಳ ಕಾರ್ಯಕ್ರಮ ಅಂದುಕೊಂಡಳೋ ಏನೋ. "ಪ್ರಸಾದ ಕೊಟ್ಟರೆ ಕಟ್ಟಿಸ್ಕೊಂಡು ಬನ್ನಿ" ಅಂದಳು.

ಇಂಥ ಹಿರಿಯರ ಬ್ಯಾಂಡು ನನಗೆ ಹೊಸದಲ್ಲ. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಾಗ ಇಲ್ಲಿಂದ ಬಸ್ಸು ಹತ್ತಿ ಹೋಗಿದ್ದೆ. 1962ರಲ್ಲಿ ಶುರುವಾದ ಬ್ಯಾಂಡು ಅದು. ಹಾಡುವ ಮಿಕ್ ಜಾಗರ್‌ಗೆ ಆಗ 59. ನಮ್ಮಲ್ಲಿ ಆ ವಯಸ್ಸಿಗೆ ಮನುಷ್ಯ ಪೆನ್ಷನ್ ಫೈಲಿನ ಹಿಂದೆ ಓಡಾಡುತ್ತಿರುತ್ತಾನೆ. ಆತ ಸ್ಟೇಜಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಓಡುತ್ತಿದ್ದದ್ದು ಆತನೇ ಅಂತ ಪಕ್ಕದವರು ಹೇಳಿದ್ದು. ನಾನು ನಿಂತಿದ್ದ ಜಾಗದಿಂದ ಇಡೀ ರೋಲಿಂಗ್ ಸ್ಟೋನ್ಸ್ ಒಂದು ಹಿಡಿ ಕಡ್ಲೆಕಾಳಿನ ಹಾಗೆ ಕಾಣುತ್ತಿತ್ತು. ಅವತ್ತೇ ತೀರ್ಮಾನ ಮಾಡಿದ್ದೆ, ಮುಂದೆ ಯಾವ ಬ್ಯಾಂಡಾದರೂ ಸರಿ, ಹತ್ತಿರದಿಂದಲೇ ನೋಡಬೇಕು.

ಹತ್ತಿರ ಅಂದರೆ ಎಷ್ಟು ಹತ್ತಿರ ಅಂತ ಅವತ್ತು ತೀರ್ಮಾನ ಮಾಡಿರಲಿಲ್ಲ. ಅದೇ ತಪ್ಪಾಗಿದ್ದು.

ಶನಿವಾರ ಏಳಕ್ಕೇ ಹೊರಟೆ. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ. ಅದರ ಡಬ್ಬಿ ಎಣಿಸುತ್ತಾ ನಿಂತೆ, ನಲವತ್ತರ ಮೇಲೆ ಲೆಕ್ಕ ತಪ್ಪಿತು. ಆ ಗೇಟಿನ ಹತ್ತಿರ ಕಾಯುತ್ತಲೇ ದಾವಣಗೆರೆಯ ಜನ ಅರ್ಧ ಆಯಸ್ಸು ಕಳೆದಿದ್ದಾರೆ. ಪಬ್ಬು ಮುಟ್ಟುವಷ್ಟರಲ್ಲಿ ಎಲ್ಲ ಟೇಬಲ್ಲೂ ಭರ್ತಿ.

ಪಬ್ಬು ಅಂದೆನಲ್ಲ, ಬೆಂಗಳೂರಿನದನ್ನು ನೆನೆಸಿಕೊಳ್ಳಬೇಡಿ. ಮೂರನೇ ಮಹಡಿಯ ತಾರಸಿ, ಮೇಲೆ ಶೀಟು, ಹದಿನಾಲ್ಕು ಟೇಬಲ್ಲು, ಗೋಡೆಗೆ ಯಾವುದೋ ಫಾರಿನ್ನಿನವನು ಗಿಟಾರ್ ಹಿಡಿದ ಫೋಟೋ, ಅದರ ಕೆಳಗೆ "ಹೊರಗಿನ ತಿಂಡಿ ತರಬಾರದು" ಅಂತ ಬೋರ್ಡು. ಕುಡಿಯೋದರ ಜೊತೆಗೆ ಖಾರ ಮಂಡಕ್ಕಿ, ಮಿರ್ಚಿ. ಸ್ಟೇಜು ಇಲ್ಲ. ಮೂಲೆಯಲ್ಲಿ ಒಂದು ಜಮಖಾನ ಹಾಸಿದ್ದರು, ಅದೇ ಸ್ಟೇಜು. ಆ ಜಮಖಾನದ ಅಂಚಿಗೆ ತಾಗಿಕೊಂಡು ಒಂದೇ ಒಂದು ಕುರ್ಚಿ ಖಾಲಿ ಇತ್ತು. ಯಾಕೆ ಖಾಲಿ ಇದೆ ಅಂತ ಯೋಚಿಸುವ ಬುದ್ಧಿ ನನಗೆ ಬರಲಿಲ್ಲ.

ಬ್ಯಾಂಡಿನಲ್ಲಿ ನಾಲ್ಕು ಜನ. 70ರ ದಶಕದ ಕೊನೆಯಲ್ಲಿ ಕಾಲೇಜು ಓದುವಾಗ ಕಟ್ಟಿದ್ದಂತೆ. ಆಮೇಲೆ ನೌಕರಿ, ಮದುವೆ, ಸೈಟು, ಮಕ್ಕಳ ಸಿಇಟಿ. ರಿಟೈರಾದ ಮೇಲೆ ಅಟ್ಟದಿಂದ ಗಿಟಾರ್ ಇಳಿಸಿದ್ದಾರೆ. ಗಿಟಾರಿನವರು ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ಹಾಡುವವರು ಕೆಮಿಸ್ಟ್ರಿ ಲೆಕ್ಚರರ್. ಬೇಸ್ ಗಿಟಾರಿನವರು ಇಡೀ ರಾತ್ರಿ ಒಂದು ಮಾತೂ ಆಡದಿದ್ದರಿಂದ ಅವರು ಏನಾಗಿದ್ದರೋ ಗೊತ್ತಾಗಲಿಲ್ಲ. ಡ್ರಮ್ಮಿನವರದ್ದು ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿ. ಜಮಖಾನ ಅವರದ್ದೇ.

ಕಡ್ಲೆಕಾಳಿನ ಸಾಲ ಎಲ್ಲ ಅವತ್ತು ಬಡ್ಡಿ ಸಮೇತ ತೀರಿತು. ಗಿಟಾರಿನವರ ಪ್ಯಾಂಟಿನೊಳಗೆ ನೀ ಕ್ಯಾಪ್ ಉಬ್ಬಿದ್ದು ಕಾಣುತ್ತಿತ್ತು. ಹಾಡಿನ ಪಟ್ಟಿಯನ್ನು ಒಂದು ಲಗ್ನಪತ್ರಿಕೆಯ ಹಿಂಬದಿ ಬರೆದು ನೆಲಕ್ಕೆ ಅಂಟಿಸಿದ್ದರು. ನಾಲ್ಕೂ ಮೂಲೆಗೆ ಅರಿಶಿನ. ಇಂಗ್ಲಿಷ್ ಹಾಡುಗಳ ಹೆಸರೆಲ್ಲ ಕನ್ನಡದಲ್ಲಿ, ಒಂದೊಂದು ಅಕ್ಷರ ಬೆರಳುದ್ದ. ಯಾಕೆಂದರೆ ಯಾರ ಕನ್ನಡಕವೂ ಅಷ್ಟು ಕೆಳಗಿನದನ್ನು ಓದುವಂಥದ್ದಲ್ಲ. ಮೂರನೇ ಹಾಡಿನ ಮುಂದೆ ಬ್ರಾಕೆಟ್ಟಿನಲ್ಲಿ "ಬಿಪಿ ಮಾತ್ರೆ" ಅಂತಿತ್ತು.

ಶುರುವಾಗುವ ಮೊದಲೇ ಸ್ಪೀಕರಿನಿಂದ ಒಂದೇ ಸಮ ಗುಂಯ್ ಅನ್ನುವ ಸದ್ದು. ನಾನು ಸುಮ್ನೆ ಇರಲಾರದೆ, "ಏನೋ ಕೆಟ್ಟಿದೆ ಸರ್" ಅಂದೆ.

ಗಿಟಾರಿನವರು ಲೋನ್ ಕೇಳಲು ಬಂದವನನ್ನು ನೋಡುವ ಹಾಗೆ ನೋಡಿದರು. "ಕೆಟ್ಟಿಲ್ಲ. ಇದು ಕರೆಂಟಿನ ಸೌಂಡು. ನಮ್ಮ ದೇಶದಲ್ಲಿ ಕರೆಂಟು 50 ಹರ್ಟ್ಜ್. ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಮೆಟ್ಟಿಲು ಒತ್ತಿದ್ರೆ 49. ಅದು ಜಿ ಅನ್ನೋ ಸ್ವರ. ಅಂದ್ರೆ ಕೆಇಬಿಯವರು ಊರಿಗೆಲ್ಲ ಪುಕ್ಕಟೆ ತಂಬೂರಿ ಮೀಟ್ತಿದ್ದಾರೆ ಅಂತ ತಿಳ್ಕೊಳ್ಳಿ. ಅಮೆರಿಕದಲ್ಲಿ 60. ಅಲ್ಲಿ ಅದು ಬಿ ಫ್ಲಾಟ್‌ಗೂ ಬಿಗೂ ನಡುವೆ ಎಲ್ಲೋ ಬೀಳುತ್ತೆ. ಯಾವ ಶ್ರುತಿಗೂ ಕೂರಲ್ಲ. ಪಾಪ."

ಬೆಸ್ಕಾಂ ಬಂದು ಎಷ್ಟು ವರ್ಷವಾದರೂ ನಮ್ಮಲ್ಲಿ ಅದು ಕೆಇಬಿಯೇ. ಆದರೆ ಅಮೆರಿಕಕ್ಕಿಂತ ನಮ್ಮ ಕರೆಂಟಿಗೆ ಸಂಗೀತಜ್ಞಾನ ಜಾಸ್ತಿ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಮೊದಲ ಹಾಡು ಅರ್ಧಕ್ಕೆ ಬಂದಾಗ ಗಿಟಾರು ಗಪ್ ಅಂತ ನಿಂತಿತು. ಡ್ರಮ್ಮಿನವರು ಎದ್ದು ಬಂದು ನನ್ನ ಕುರ್ಚಿಯ ಹಿಂದೆ ಬಗ್ಗಿದರು. ಗೋಡೆಯ ಸಾಕೆಟ್ಟು ಸಡಿಲ. ಪ್ಲಗ್ಗು ಒತ್ತಿದರೆ ಕರೆಂಟು, ಬಿಟ್ಟರೆ ಇಲ್ಲ. ಎರಡು ಸಲ ಒತ್ತಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಸರ, ಒಂದೈದ್ ನಿಮಿಷ ಹಿಂಗಾ ಹಿಡ್ಕಂಡಿರ್ರಿ. ಹುಡುಗ ಟೇಪ್ ತರ್ತಾನೆ."

ಆ ಹುಡುಗ ಇವತ್ತಿಗೂ ಟೇಪ್ ತಂದಿಲ್ಲ.

ಹೀಗೆ ಬಲಗೈ ಹೋಯಿತು. ಬಿಯರ್ ಗ್ಲಾಸು ಟೇಬಲ್ಲಿನ ಆ ತುದಿಯಲ್ಲಿತ್ತು. ಎಡಗೈ ಚಾಚಿದರೆ ಗ್ಲಾಸಿಗೆ ನಾಲ್ಕು ಬೆರಳು ಕಮ್ಮಿ. ಇನ್ನೂ ಚಾಚಿದರೆ ಬಲಗೈ ಸಡಿಲವಾಗಿ ಗಿಟಾರು ಕೆಮ್ಮುತ್ತಿತ್ತು. ಗಿಟಾರಿನವರು ಕಣ್ಣುಬಿಡುತ್ತಿದ್ದರು. ನನ್ನ ದುಡ್ಡಿನ ಬಿಯರು ನನ್ನ ಕಣ್ಣೆದುರೇ ನೊರೆ ಇಳಿದು, ಬೆವೆತು, ಬಿಸಿನೀರಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಡ್ರಮ್ ಸೆಟ್ಟಿನಲ್ಲಿ ದೊಡ್ಡದೊಂದು ಇರುತ್ತಲ್ಲ, ಕಾಲಲ್ಲಿ ಒದ್ದು ಬಾರಿಸುವುದು, ಅದಕ್ಕೆ ಒಂದು ಗುಣ ಇದೆ. ಪ್ರತಿ ಒದೆತಕ್ಕೂ ಕೂದಲೆಳೆಯಷ್ಟು ಮುಂದೆ ಜರುಗುತ್ತೆ. ತಿಳಿದವರು ಮುಂದೆ ಇಟ್ಟಿಗೆ ಇಡುತ್ತಾರೆ. ಇವರು ಇಟ್ಟಿಗೆ ಮರೆತಿದ್ದರು. ನಾಲ್ಕನೇ ಹಾಡಿನ ಹೊತ್ತಿಗೆ ಆ ಡ್ರಮ್ಮು ಜಮಖಾನದ ಸಮೇತ ನನ್ನ ಮೊಣಕಾಲಿಗೆ ಬಂತು. ಡ್ರಮ್ಮಿನವರು ಬಾರಿಸುತ್ತಲೇ ಗದ್ದದಲ್ಲಿ ಸನ್ನೆ ಮಾಡಿದರು: ಕಾಲು ಕೊಡ್ರಿ. ಕೊಟ್ಟೆ. ಬಲಗೈ ಗಿಟಾರಿಗೆ, ಎಡಗಾಲು ಡ್ರಮ್ಮಿಗೆ. ಕುರ್ಚಿಯಲ್ಲಿ ನನ್ನದು ಅಂತ ಉಳಿದಿದ್ದು ಸೊಂಟ ಒಂದೇ, ಅದೂ ಹಿಡಿದುಕೊಂಡಿತ್ತು.

ಕಿವಿಯ ಕಥೆಯೇ ಬೇರೆ. ಶೀಟಿನ ಸೂರಿನ ಕೆಳಗೆ ಡ್ರಮ್ಮು ಬಾರಿಸಿದರೆ ಸದ್ದಿಗೆ ಹೋಗಲು ದಾರಿ ಇರುವುದಿಲ್ಲ, ಎಲ್ಲ ವಾಪಸ್ ತಲೆಯ ಮೇಲೆಯೇ ಬೀಳುತ್ತೆ. ಹಾದುಹೋಗುತ್ತಿದ್ದ ಸಪ್ಲೈಯರ್ ಹುಡುಗನನ್ನು ಕರೆದು, "ಕಿವಿಗೆ ಸ್ವಲ್ಪ ಹತ್ತಿ ಸಿಗುತ್ತಾ?" ಅಂತ ಕೂಗಿದೆ. ಅವನು ತಲೆಯಾಡಿಸಿ ಹೋಗಿ ಚಟ್ನಿ ತಂದಿಟ್ಟ. ಒಂದು ಕಾಲಕ್ಕೆ ಇದು ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲೂ ಗಿರಣಿಗಳು ಮುಚ್ಚಿದವು, ಅಲ್ಲಿಂದ ಓಯಸಿಸ್‌ನಂಥ ಬ್ಯಾಂಡುಗಳು ಎದ್ದು ಬಂದವು. ಇಲ್ಲೂ ಗಿರಣಿ ಮುಚ್ಚಿದವು, ಬ್ಯಾಂಡೂ ಬಂತು, ಕಿವಿಗೆ ಇಟ್ಟುಕೊಳ್ಳಲು ಎರಡು ಉಂಡೆ ಹತ್ತಿ ಮಾತ್ರ ಸಿಗಲಿಲ್ಲ.

ನಡುನಡುವೆ ಚೀಟಿ ಬರುತ್ತಿದ್ದವು. ಹಾಡು ಕೇಳುವ ಚೀಟಿ ಅಂತ ಲೆಕ್ಚರರು ಆಸೆಯಿಂದ ಬಿಡಿಸಿ ನೋಡುತ್ತಿದ್ದರು. ಒಂದರಲ್ಲಿ "ಫ್ಯಾನು ಈ ಕಡೆ ತಿರುಗಿಸಿ" ಅಂತಿತ್ತು. ಇನ್ನೊಂದನ್ನು ಅವರು ಅದೇ ಗೊಗ್ಗರು ದನಿಯಲ್ಲಿ, ತಾಳ ತಪ್ಪದ ಹಾಗೆ ಓದಿದರು: "ಕೆಎ ಹದಿನೇಳು, ಬಿಳಿ ಕಾರು, ಯಾರದಪ್ಪಾ, ತೆಗೀರಪ್ಪಾ." ಅವತ್ತಿನ ಮೊದಲ ಸಿಳ್ಳೆ ಬಿದ್ದಿದ್ದು ಅದಕ್ಕೆ.

ಆಮೇಲೆ ಬಂತು "ಸ್ಮೋಕ್ ಆನ್ ದ ವಾಟರ್". ಡೀಪ್ ಪರ್ಪಲ್ ಅನ್ನುವ ಬ್ಯಾಂಡಿನವರದ್ದು. ಗಿಟಾರ್ ಹಿಡಿದ ಪ್ರತಿಯೊಬ್ಬನೂ ಮೊದಲು ಕಲಿಯುವುದು ಅದರ ಶುರುವಿನ ನಾಲ್ಕು ಸ್ವರವನ್ನೇ. ಅದೂ ಜಿಯಿಂದಲೇ ಏಳುವುದು, ಹಾಗಾಗಿ ಕೆಇಬಿ ತಂಬೂರಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತೆ. ಆದರೆ ಲೆಕ್ಚರರು ಪಾಠ ಮಾಡದೆ ಹಾಡು ಶುರು ಮಾಡುವವರಲ್ಲ. "1971ರ ಡಿಸೆಂಬರ್. ಸ್ವಿಟ್ಜರ್ಲೆಂಡಿನ ಮಾಂಟ್ರೋ. ಈ ಬ್ಯಾಂಡು ರೆಕಾರ್ಡಿಂಗಿಗೆ ಹೋಗಿರುತ್ತೆ. ಅಲ್ಲಿನ ಕ್ಯಾಸಿನೊದಲ್ಲಿ ಫ್ರ್ಯಾಂಕ್ ಜಪ್ಪಾ ಅನ್ನೋನ ಪ್ರೋಗ್ರಾಂ. ಯಾರೋ ಪುಣ್ಯಾತ್ಮ ಸೂರಿಗೆ ಫ್ಲೇರ್ ಹಾರಿಸ್ತಾನೆ. ಇಡೀ ಕ್ಯಾಸಿನೊ ಭಸ್ಮ. ಹೊಗೆ ಜಿನೀವಾ ಸರೋವರದ ಮೇಲೆ ಹರಡುತ್ತೆ. ಅದನ್ನು ನೋಡಿ ಹುಟ್ಟಿದ ಹಾಡು, ರೆಕಾರ್ಡ್ ಬಂದಿದ್ದು 1972ರಲ್ಲಿ." ಇನ್ನು ಹಾಜರಿ ಕೂಗುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಘಾಟು ನೇರ ಜಮಖಾನಕ್ಕೆ ಬಂತು. ಲೆಕ್ಚರರು ಮೊದಲ ಸಾಲು ಎತ್ತಿಕೊಂಡವರೇ ಕೆಮ್ಮಿದರು. ಬೇಸಿನವರು ಕೆಮ್ಮಿದರು. ಆರನೇ ಟೇಬಲ್ಲಿನ ಒಬ್ಬರು ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡರು. ಅಲ್ಲಿ ಸರೋವರದ ಮೇಲೆ ಹೊಗೆ, ಇಲ್ಲಿ ಮಿರ್ಚಿ ಬಾಣಲೆಯ ಮೇಲೆ. ಗಿಟಾರಿನವರು ಒಬ್ಬರೇ ಕಣ್ಣಲ್ಲಿ ನೀರು ಸುರಿಸುತ್ತಾ ಬಿಡದೆ ಬಾರಿಸಿದರು. ದೂರದ ಟೇಬಲ್ಲಿನವರು ಅದನ್ನು ಭಾವಾವೇಶ ಅಂದುಕೊಂಡರು.

ಅವರ ಬೆರಳು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ತೋರುಬೆರಳಿನ ತುದಿಯಲ್ಲಿ ಎಳನೀರು ಕೊಚ್ಚುವವನ ಕೈಯ ಹಾಗೆ ಗಟ್ಟಿ ಜಡ್ಡು. ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅದು ಮುಟ್ಟಬೇಕಾದ ತಂತಿಗೆ ಇಡೀ ಮಣಿಕಟ್ಟನ್ನೇ ತಿರುಗಿಸಿ ಪಕ್ಕದ ಬೆರಳನ್ನು ಕಳಿಸುತ್ತಿದ್ದರು. ಸ್ವರ ಒಂದೂ ತಪ್ಪುತ್ತಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ.

ಆ ಹೊತ್ತಿಗೆ ಸರಿಯಾಗಿ ಸ್ಪೀಕರಿನಲ್ಲಿ ಟಿಟಿಟ್ ಟಿಟಿಟ್ ಟಿಟಿಟ್ ಅಂತ ಶುರುವಾಯಿತು. ಗಿಟಾರಿನವರು ತಂತಿ ನೋಡಿದರು, ವೈರು ನೋಡಿದರು. ನನಗೆ ಗೊತ್ತಾಯಿತು. ನನ್ನ ಜೇಬಿನಲ್ಲಿ ಬಟನ್ ಫೋನು. ಅಂಥ ಫೋನಿಗೆ ಕಾಲ್ ಬರುವ ಮುಂಚೆ ಪಕ್ಕದ ಸ್ಪೀಕರಿಗೆ ಸುದ್ದಿ ಮುಟ್ಟುತ್ತೆ. ಒಂದು ಕ್ಷಣಕ್ಕೆ ಫೋನೂ ಹೊಡೆದುಕೊಂಡಿತು. ಹೆಂಡತಿ. ಮನೆಯಲ್ಲಿದ್ದುಕೊಂಡೇ ಡೀಪ್ ಪರ್ಪಲ್ ಹಾಡಿನಲ್ಲಿ ಎರಡು ಸಾಲು ಸೇರಿಸಿದ ಹೆಂಗಸು ದಾವಣಗೆರೆಯಲ್ಲಿ ಇವಳೊಬ್ಬಳೇ ಇರಬೇಕು.

ಕಟ್ ಮಾಡೋಣ ಅಂತ ಎಡಗೈಯನ್ನು ಬಲಜೇಬಿಗೆ ಹಾಕಲು ಮೈ ತಿರುಗಿಸಿದೆ. ಪ್ಲಗ್ಗು ಕೈಗೇ ಬಂತು.

ಗಿಟಾರು ಹೋಯಿತು, ಬೇಸ್ ಹೋಯಿತು, ಮೈಕು ಹೋಯಿತು, ತಂಬೂರಿಯೂ ಹೋಯಿತು. ನಾನು ಕಾಲು ತೆಗೆದಿದ್ದರಿಂದ ಡ್ರಮ್ಮು ಬಂದು ಟೇಬಲ್ಲಿಗೆ ಗುದ್ದಿತು, ಬಿಸಿ ಬಿಯರು ನನ್ನ ಪ್ಯಾಂಟಿನ ಮೇಲೆ. ಜನ ಹಾಡು ಮುಗಿಯಿತು ಅಂದುಕೊಂಡು ಹೋ ಅಂತ ಚಪ್ಪಾಳೆ ಹೊಡೆದರು. ಅಷ್ಟು ಜೋರು ಚಪ್ಪಾಳೆ ಅವತ್ತು ಬೇರೆ ಯಾವುದಕ್ಕೂ ಬಿದ್ದಿರಲಿಲ್ಲ. ಲೆಕ್ಚರರು ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ಮೈಕು ಸತ್ತಿದ್ದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಬಿಡಲಿಲ್ಲವೋ, ಹಾಡುತ್ತಲೇ ಇದ್ದರು. ಮೈಕಿಲ್ಲದ ದನಿ ಸಣ್ಣಗೆ, ಸ್ವಲ್ಪ ಒಡೆದು, ಶ್ರುತಿಗೆ ಸರಿಯಾಗಿ ಬರುತ್ತಿತ್ತು. ಆರನೇ ಟೇಬಲ್ಲಿನ ಟವೆಲ್ಲಿನವರು ತಟ್ಟೆಗೆ ಚಮಚ ಬಡಿದು ತಾಳ ಹಿಡಿದರು. ನಾನು ಒಂದು ಸಾಲು ಹಾಗೇ ಕೇಳಿ, ಆಮೇಲೆ ಪ್ಲಗ್ಗು ಚುಚ್ಚಿದೆ.

ಹತ್ತು ಗಂಟೆಗೆ ಎಲ್ಲ ಬಂದ್. ಬಯಲಲ್ಲಿ ಧ್ವನಿವರ್ಧಕ ಅಷ್ಟೊತ್ತಿಗೆ ನಿಲ್ಲಿಸಬೇಕು ಅನ್ನುವ ನಿಯಮ 2000ನೇ ಇಸವಿಯಿಂದ ಇದೆ, ಓನರು ಗಡಿಯಾರ ಹಿಡಿದೇ ನಿಂತಿದ್ದರು. ಡ್ರಮ್ಮಿನವರು ನನ್ನ ಕೈ ಕುಲುಕಿದರು. ಬೆರಳು ಬಿಡಿಸಲು ಬರುತ್ತಿರಲಿಲ್ಲ, ಪ್ಲಗ್ ಹಿಡಿದ ಆಕಾರದಲ್ಲೇ ನಿಂತುಬಿಟ್ಟಿದ್ದವು. ನಂಬರ್ ತಗೊಂಡರು.

ಮನೆಗೆ ಬಂದಾಗ ಹೆಂಡತಿ ಬಾಗಿಲು ತೆಗೆದು ಏನೋ ಕೇಳಿದಳು. ತುಟಿ ಆಡಿದ್ದು ಕಂಡಿತು. ಕಿವಿಯಲ್ಲಿ ಇನ್ನೂ ಗುಂಯ್. "ಜಿ!" ಅಂತ ಕೂಗಿದೆ. ಪ್ಯಾಂಟಿನ ವಾಸನೆ ಅವಳಿಗೆ ಬಡಿಯಿತು. ಪ್ರಸಾದದ ಬಗ್ಗೆ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ವಾರ ಬಿಟ್ಟು ಫೋನು ಬಂತು. ಶಾಮಿಯಾನದವರು.

"ಸರ, ಬರೋ ಶನಿವಾರ ಹರಿಹರದಾಗೆ ಪ್ರೋಗ್ರಾಂ ಐತಿ. ನೀವು ಬರ್ತೀರಲ್ವಾ?"

ಖುಷಿಯಾಯಿತು. ಬರ್ತೀನಿ ಅಂದೆ.

"ಅಲ್ಲಿ ಸಾಕೆಟ್ಟು ಗೋಡೆ ಮ್ಯಾಲೆ ಐತಿ ಸರ. ನಿಂತ್ಕಂಡು ಹಿಡೀಬೇಕಾಗ್ತತಿ."