ಮೊಟ್ಟೆ ಉಗಿಯುವ ಹಕ್ಕಿ

"ಮಧ್ಯಾಹ್ನ ಒಮ್ಮೆ ಅಡಿಕೆ ಮಗುಚಿ ಹಾಕಿ. ಮೋಡ ಕಂಡ್ರೆ ಟಾರ್ಪಾಲು ಎಳೀರಿ. ಬೇರೆ ಎಂತದೂ ಮಾಡ್ಲಿಕ್ಕೆ ಹೋಗ್ಬೇಡಿ" ಎಂದು ಹೇಳಿ ಹೆಂಡತಿ ಬದಿಯಡ್ಕದಲ್ಲಿ ಒಂದು ಉಪನಯನಕ್ಕೆ ಹೊರಟಳು. ಕೊನೆಯ ಮಾತು ಅಡಿಕೆಯ ಮೇಲಿನ ಕಾಳಜಿಯಿಂದ ಬಂದದ್ದಲ್ಲ, ನನ್ನ ಪೂರ್ವೇತಿಹಾಸ ಗೊತ್ತಿದ್ದುದರಿಂದ ಬಂದದ್ದು.

ಪೆರ್ಲದ ಹತ್ತಿರ ನಮ್ಮ ಮನೆ. ಹಣ್ಣಡಿಕೆ ಒಣಗಿ ಚಾಲಿ ಆಗಬೇಕಾದರೆ ಅಂಗಳದಲ್ಲಿ 40 ದಿನವಾದರೂ ಬಿಸಿಲು ಬೇಕು. ನಮ್ಮದಕ್ಕೆ ಅಂದು 22ನೆಯ ದಿನ.

ಮನೆಯಲ್ಲಿ ಉಳಿದವರು ನಾನು ಮತ್ತು ಬೆಂಗಳೂರಿನಿಂದ ರಜೆಗೆ ಬಂದ ತಂಗಿಯ ಮಗ. ಅವನು ತಾನು ಹುಟ್ಟುವ ಮೊದಲೇ, 1998ರಲ್ಲಿ ಬಂದ 'ಬ್ಯಾಂಜೊ ಕಜೂಯಿ' ಎಂಬ ವಿಡಿಯೊ ಆಟವನ್ನು ಟಿವಿಗೆ ಜೋಡಿಸಿಕೊಟ್ಟು, "ಮಾವ, ಸುರಂಗ ನೋಡಿ ಬರ್ತೇನೆ" ಎಂದು ಗುಡ್ಡದ ಕಡೆ ಹೋದ. ಬೆಂಗಳೂರಿನವರಿಗೆ ನೀರಿಗೆಂದು ಮುರಕಲ್ಲು ಕೊರೆದ ನಮ್ಮ ಸುರಂಗದಲ್ಲಿ ನೀರು ಸೋರುವುದೇ ಒಂದು ಆಟ.

ಬ್ಯಾಂಜೊ ಒಂದು ಕರಡಿ. ಅವನ ಬೆನ್ನ ಚೀಲದಲ್ಲಿ ಕಜೂಯಿ ಎಂಬ ಕೆಂಪು ಹಕ್ಕಿ. ಒಂದು ಮಾಟಗಾತಿ ಕರಡಿಯ ತಂಗಿಯನ್ನು ಎತ್ತಿಕೊಂಡು ಹೋಗಿದ್ದಾಳೆ, ಬಿಡಿಸಿ ತರಬೇಕು. ಕರಡಿ ಪಾಪದವನು. ಸಾಮರ್ಥ್ಯವೆಲ್ಲ ಹಕ್ಕಿಯದು: ಹಾರುವುದು ಅದು, ಕಡಿದಾದ ಗುಡ್ಡದಲ್ಲಿ ಕರಡಿಯನ್ನೇ ಹೊತ್ತು ಓಡುವುದು ಅದು, ಎದುರು ಬಂದವರಿಗೆಲ್ಲ ಕೊಂಕು ನುಡಿಯುವುದೂ ಅದೇ. ಹತ್ತು ನಿಮಿಷ ನೋಡುವಷ್ಟರಲ್ಲಿ ಈ ಸಂಸಾರ ನನಗೆ ಎಲ್ಲೋ ಪರಿಚಯದ್ದೆನಿಸಿತು. ಮುಖವಾಡ ಹಾಕಿಕೊಂಡ ಒಬ್ಬ ಮಂತ್ರವಾದಿ ಬೇರೆ ಇದ್ದಾನೆ. ಕರಡಿಯನ್ನು ಒಂದು ಕಡೆ ಒರಲೆ ಮಾಡುತ್ತಾನೆ, ಇನ್ನೊಂದು ಕಡೆ ಮೊಸಳೆ. ಒರಲೆಯಾಗಲು ಮಂತ್ರ ಬೇಕೆಂದು ನನಗೆ ಗೊತ್ತಿರಲಿಲ್ಲ, ನಮ್ಮ ಅಟ್ಟದಲ್ಲಿ ಅವು ಮಂತ್ರವಿಲ್ಲದೆಯೇ ಆಗುತ್ತವೆ.

ನಾನು ಕಡಲ ದಡದ ಲೋಕಕ್ಕೆ ಬಂದೆ. ಮರಳು, ಅಲೆ, ಎತ್ತರದಲ್ಲೊಂದು ದೀಪಸ್ತಂಭ. ನೀರಿಗೆ ಬಿದ್ದರೆ ಶಾರ್ಕ್. ಬಿದ್ದೆ. ಮೂರು ಸಲ ಬಿದ್ದೆ. ಪ್ರತಿ ಸಲ ಸತ್ತಾಗಲೂ ಅಲ್ಲಿವರೆಗೆ ಹೆಕ್ಕಿದ ಸಂಗೀತದ ಸ್ವರಗಳೆಲ್ಲ ಮತ್ತೆ ಮೊದಲಿಂದ ಹೆಕ್ಕಬೇಕು. ಬಿದ್ದಡಿಕೆ ಹೆಕ್ಕಿ ಅಭ್ಯಾಸವಿದ್ದ ನನ್ನ ಸೊಂಟವೂ ಸೋತಿತು. ಅಲ್ಲೇ ಒಂದು ತೂತು ಬಕೆಟು ಅಳುತ್ತಾ ಕೂತಿತ್ತು. ಹಕ್ಕಿ ಬಾಯಿಂದ ನೀಲಿ ಮೊಟ್ಟೆ ಉಗಿದು ಆ ತೂತು ಮುಚ್ಚಬೇಕು. ಹಕ್ಕಿ ಹಿಂದಿನಿಂದಲೂ ಮೊಟ್ಟೆ ಬಿಡುತ್ತದೆ. ನನ್ನ ಬೆರಳಿಗೆ ಸಿಕ್ಕಿದ ಗುಂಡಿ ಅದರದ್ದು. ಬಕೆಟಿಗೆ ಮುಖ ಮಾಡಿ ನಿಂತು ಕಡಲಿಗೆ ಮೊಟ್ಟೆ ಬಿಡುತ್ತಾ ಹೋದೆ.

ಆಮೇಲೆ ಹಾರಾಟ. ಒಂದೊಂದು ರೆಕ್ಕೆ ಬಡಿತಕ್ಕೂ ಒಂದು ಕೆಂಪು ಗರಿ ಖರ್ಚು. ಚಿನ್ನದ ಗರಿಯೂ ಉಂಟು. ಅದು ಇದ್ದಷ್ಟು ಹೊತ್ತು ಹಕ್ಕಿ ಕರಡಿಯನ್ನು ರೆಕ್ಕೆಯೊಳಗೆ ಮುಚ್ಚಿಕೊಳ್ಳುತ್ತದೆ, ಯಾರೂ ಏನೂ ಮಾಡಲಾರರು. ದೀಪಸ್ತಂಭದ ಸುತ್ತ ಹಾರುತ್ತಿದ್ದಾಗ ಕಡಲಿನ ಸದ್ದು ಜೋರಾಯಿತು. ಆಹಾ, ಎಂಥ ಆಟ ಮಾರಾಯ್ರೆ, ಮಣ್ಣಿನ ವಾಸನೆ ಕೂಡ ಬರ್ತದಲ್ಲ!

ಆಗ ತಲೆಗೆ ಹೊಳೆಯಿತು.

ನಾನು ಅಂಗಳಕ್ಕೆ ಓಡುವಾಗ ಟಾರ್ಪಾಲು ಹಟ್ಟಿಯ ಹಿಂದೆ ಮಡಚಿಟ್ಟಲ್ಲೇ ಇತ್ತು, ಅಡಿಕೆ ತೇಲುತ್ತಿತ್ತು. ಒದ್ದೆ ಲುಂಗಿಯಲ್ಲಿ ಒಂದು ಮೂಲೆ ಎಳೆದೆ, ಇನ್ನೊಂದು ಮೂಲೆ ಗಾಳಿಗೆ ಎದ್ದು ನನ್ನನ್ನೇ ಸುತ್ತಿಕೊಂಡಿತು. ಜೀಪಿನಿಂದ ಹೆಂಡತಿ ಇಳಿದದ್ದು ಸರಿಯಾಗಿ ಆ ಹೊತ್ತಿಗೆ. ಅಂಗಳ ನೋಡಿದಳು. ತೆರೆದ ಬಾಗಿಲಿನಿಂದ ಟಿವಿ ನೋಡಿದಳು. ಟಾರ್ಪಾಲಿನೊಳಗೆ ನನ್ನನ್ನು ನೋಡಿದಳು. ನನ್ನ ಹತ್ತಿರ ಒಂದು ಚಿನ್ನದ ಗರಿಯೂ ಇರಲಿಲ್ಲ.

"ಆ ಹಕ್ಕಿ ಎಷ್ಟು ಮೊಟ್ಟೆ ಇಟ್ಟಿತು?" ಎಂದು ಕೇಳಿದಳು.

"ಅದು ಇಡುವುದಲ್ಲ" ಎಂದೆ, ವಿಷಯ ಸ್ಪಷ್ಟವಿರಲಿ ಎಂದು. "ಉಗಿಯುವುದು."

"ಹೌದಾ?" ಎಂದು ಅವಳು ಸೆರಗು ಸಿಕ್ಕಿಸಿಕೊಂಡಳು.