ಸತ್ಯಾಂಶ: ಆಧಾರ್ ತೋರಿಸಿ ಮಾಲ್ಡೀವ್ಸ್‌ಗೆ ಹೋಗಬಹುದೇ?

‘ಮಾಲ್ಡೀವ್ಸ್‌ಗೆ ವೀಸಾ ಬೇಡ, ಆಧಾರ್ ಕಾರ್ಡ್ ಇದ್ದರೆ ಸಾಕು’ ಎಂಬ ವಾಟ್ಸ್ಯಾಪ್ ಸಂದೇಶದಲ್ಲಿ ಅರ್ಧ ಮಾತ್ರ ನಿಜ. ಪ್ರವಾಸಕ್ಕೆ ಹೋಗುವ ಭಾರತೀಯರು ಮುಂಚಿತವಾಗಿ ವೀಸಾ ಮಾಡಿಸಬೇಕಿಲ್ಲ, ಸರಿ. ಆದರೆ ಪಾಸ್‌ಪೋರ್ಟ್ ಬೇಕೇ ಬೇಕು. ಅದಿಲ್ಲದಿದ್ದರೆ ಬೆಂಗಳೂರಿನಲ್ಲೇ ವಿಮಾನ ಹತ್ತಲು ಬಿಡುವುದಿಲ್ಲ.

ಈ ಗೊಂದಲ ಬಹುಶಃ ನೇಪಾಳದ ನಿಯಮದಿಂದ ಹುಟ್ಟಿದ್ದು. ಅಲ್ಲಿಗೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಅಲ್ಲಿಗೂ ಆಧಾರ್ ಎಲ್ಲರಿಗೂ ಸಲ್ಲುವುದಿಲ್ಲ. 15 ವರ್ಷದೊಳಗಿನವರಿಗೆ, 65 ದಾಟಿದವರಿಗೆ ಮಾತ್ರ ವಿನಾಯಿತಿ.

ಮಾಲ್ಡೀವ್ಸ್‌ಗೆ ಹೋಗುವ ಮುನ್ನ ‘ಇಮುಗಾ’ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು, ಪ್ರಯಾಣಕ್ಕೆ 96 ಗಂಟೆಗಳ ಒಳಗೆ. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಕೈಯಲ್ಲಿರಲಿ.

ಬ್ಯಾಗಿನ ವಿಷಯವನ್ನು ಆ ಸಂದೇಶ ಹೇಳುವುದೇ ಇಲ್ಲ. ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಮದ್ಯದ ಬಾಟಲಿಯನ್ನೂ ಅಲ್ಲಿನ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಮದ್ಯ ಸಿಗುವುದು ರೆಸಾರ್ಟ್‌ಗಳಂಥ ಪರವಾನಗಿ ಇರುವ ಕಡೆ ಮಾತ್ರ. ಹಂದಿಮಾಂಸ, ಇ-ಸಿಗರೇಟ್ ಕೂಡ ನಿಷಿದ್ಧ. ಪೂಜೆಯ ವಿಗ್ರಹ ಒಯ್ಯುವಂತಿಲ್ಲ. ಪುಟ್ಟ ಗಣಪನನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೊರಡುವ ನಮ್ಮವರು ಗಮನಿಸಬೇಕು.